ಓದಿ ಹೇಳುವವರು ಯಾರು?

ಫೋನೇ ಮಾತಾಡುವ ಕಾಲದಲ್ಲಿ ಅಕ್ಷರ ಕಲಿಯುವ ಕಷ್ಟ ಯಾರಿಗೆ ಬೇಕು ಎಂಬ ಮಾತು ಈಚೆಗೆ ಸಭೆಗಳಲ್ಲಿ ಧಾರಾಳವಾಗಿ ಕೇಳಿಬರುತ್ತಿದೆ. ತರಕಾರಿ ಅಂಗಡಿಯ ಪುಟ್ಟ ಪೆಟ್ಟಿಗೆ ಇಷ್ಟು ರೂಪಾಯಿ ಜಮಾ ಆಯಿತೆಂದು ತಾನೇ ಕೂಗುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಕಳಿಸಿದರೆ ಸಾಕು, ಗೂಗಲ್ಲನ್ನು ಬಾಯಲ್ಲೇ ಕೇಳಬಹುದು. ಇದರ ಬೆನ್ನಿಗೇ ಇನ್ನೊಂದು ವಾದ ಅಂಟಿಕೊಂಡು ಬರುತ್ತದೆ: ನಮ್ಮ ಹಿರಿಯರೇನು ಓದಿದವರೇ, ಆದರೂ ಎಂಥ ಜ್ಞಾನಿಗಳು! ಹೀಗೆನ್ನುವವರ ಕೈಯಲ್ಲಿ ಬರೆದು ತಂದ ಭಾಷಣದ ಹಾಳೆ ಇರುತ್ತದೆ. ಅವರ ಮಕ್ಕಳು ಬೆಂಗಳೂರಲ್ಲೋ ಟೆಕ್ಸಾಸಿನಲ್ಲೋ ಎರಡೆರಡು ಡಿಗ್ರಿ ಮುಗಿಸಿರುತ್ತಾರೆ. ಅಕ್ಷರ ಬೇಡವೆಂಬ ಉಪದೇಶವೆಲ್ಲ ಬೇರೆಯವರ ಮಕ್ಕಳಿಗೆ. ಈ ಬರಹಗಾರನಿಗೆ ಸಿಟ್ಟು ಬಂದದ್ದು ಅಲ್ಲಿಂದ.

ಅಕ್ಷರದ ಪರ ನಿಂತವರ ವಾದವೂ ಅಂಥ ಹುರುಪಿನದೇನಲ್ಲ. ಸೆಪ್ಟೆಂಬರ್ 8ರ ಅಂತರರಾಷ್ಟ್ರೀಯ ಸಾಕ್ಷರತಾ ದಿನ ದೀಪ ಹಚ್ಚಿ, ಅಕ್ಷರವೇ ಬೆಳಕು ಎಂದು ನಾಲ್ಕು ಜನ ಹೇಳಿ, ಉಪ್ಪಿಟ್ಟು ತಿಂದು ಮುಗಿಯುತ್ತದೆ. ಪುಸ್ತಕ ಓದಿದರೆ ಮನುಷ್ಯ ಸಂಸ್ಕಾರವಂತನಾಗುತ್ತಾನೆ ಎನ್ನುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಚೆನ್ನಾಗಿ ಓದಿಕೊಂಡ ದುಷ್ಟರನ್ನು ಎಲ್ಲರೂ ಕಂಡಿದ್ದಾರೆ. ಬರವಣಿಗೆ ಬಂದರೆ ನೆನಪು ಸಾಯುತ್ತದೆ ಎಂಬ ಸಾಕ್ರಟೀಸನ ದೂರಂತೂ ಕಾಲೇಜಿನ ನೋಟ್ಸುಗಳಲ್ಲಿ ಸವೆದುಹೋಗಿದೆ.

ಅನಕ್ಷರಸ್ಥ ಜ್ಞಾನಿಗಳು ಇದ್ದದ್ದು ಸುಳ್ಳಲ್ಲ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮುಖ ಕಂಡವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿ ಮಾಡುತ್ತ, ಯಾವ ಮರದ ಬೀಜವನ್ನು ಯಾವಾಗ ಆಯಬೇಕು ಎಂಬುದನ್ನು ಅಧಿಕಾರಿಗಳಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರಿತ್ತು. ಅದೇ ಪಟ್ಟಿಯಲ್ಲಿ ಇನ್ನೊಬ್ಬ ಅನಕ್ಷರಸ್ಥರೂ ಇದ್ದರು, ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ. ವಿದೇಶಿ ಪ್ರವಾಸಿಗರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದ ಸಂಕಟ ಅವರನ್ನು ಕಾಡಿತು. ದಿನದ ದುಡಿಮೆಯಲ್ಲಿ ಉಳಿಸಿದ ಹಣ ಹಾಕಿ, ಕಚೇರಿಗಳನ್ನು ಅಲೆದು, ತಮ್ಮೂರು ನ್ಯೂಪಡ್ಪುವಿಗೆ ಶಾಲೆ ತಂದರು. ವೇದಿಕೆಯ ಮೇಲೆ ಅನಕ್ಷರಸ್ಥರನ್ನು ಕೊಂಡಾಡುವವರು ತುಳಸಿ ಗೌಡರ ಹೆಸರನ್ನು ತಪ್ಪದೆ ಹೇಳುತ್ತಾರೆ. ಹಾಜಬ್ಬರ ಹೆಸರು ಅವರ ಬಾಯಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ.

ಇವರನ್ನೆಲ್ಲ ಬಿಟ್ಟು ಒಬ್ಬನ ಜೊತೆ ಮಾತ್ರ ಜಗಳಕ್ಕೆ ನಿಲ್ಲಬೇಕು. ಅಕ್ಷರವನ್ನು ಅನುಮಾನಿಸುವ ವಾದವನ್ನು ನಿಜಕ್ಕೂ ಯೋಚಿಸಿ ಮಂಡಿಸಿದವನು ಫ್ರಾನ್ಸಿನ ಮಾನವಶಾಸ್ತ್ರಜ್ಞ ಕ್ಲೋದ್ ಲೆವಿ-ಸ್ಟ್ರಾಸ್. 1938ರಲ್ಲಿ ಆತ ಬ್ರೆಜಿಲ್‌ನ ಒಳನಾಡಿನ ನಂಬಿಕ್ವಾರಾ ಜನರ ನಡುವೆ ಇದ್ದ. ಬರವಣಿಗೆಯೇ ಇಲ್ಲದ ಆ ಜನಕ್ಕೆ ಕಾಗದ, ಪೆನ್ಸಿಲ್ ಹಂಚಿದ. ಎಲ್ಲರೂ ಅಂಕುಡೊಂಕು ಗೆರೆ ಎಳೆದು ಸುಮ್ಮನಾದರು. ಮುಖಂಡನೊಬ್ಬ ಮಾತ್ರ ಬರೆಯುವ ಪುಸ್ತಕವೊಂದನ್ನು ಕೇಳಿ ಪಡೆದ. ಮುಂದೆ ನೆರೆಯ ಗುಂಪಿನೊಂದಿಗೆ ವಸ್ತು ವಿನಿಮಯ ನಡೆದಾಗ ಬುಟ್ಟಿಯಿಂದ ಗೀಚಿದ ಹಾಳೆ ತೆಗೆದು, ಯಾರಿಗೆ ಏನು ಸಲ್ಲಬೇಕು ಎಂಬ ಪಟ್ಟಿಯನ್ನು ಓದುವವನಂತೆ ನಟಿಸಿದ. ಸುಮಾರು ಎರಡು ಗಂಟೆ ಈ ನಾಟಕ ನಡೆಯಿತು. ಆತನಿಗೆ ಅಕ್ಷರ ಬರುತ್ತಿರಲಿಲ್ಲ. ಅಕ್ಷರ ಬಂದವರಿಗೆ ಯಜಮಾನಿಕೆ ಬರುತ್ತದೆ ಎಂಬುದು ಮಾತ್ರ ಹೊಳೆದಿತ್ತು.

1955ರಲ್ಲಿ ಹೊರಬಂದ ಪುಸ್ತಕದಲ್ಲಿ ಲೆವಿ-ಸ್ಟ್ರಾಸ್ ಇದರಿಂದ ದೊಡ್ಡ ತೀರ್ಮಾನವನ್ನೇ ಎಳೆಯುತ್ತಾನೆ. ಬೇಸಾಯ, ಪಶುಪಾಲನೆ, ಕುಂಬಾರಿಕೆ, ನೇಯ್ಗೆ ಎಲ್ಲವನ್ನೂ ಮನುಷ್ಯ ಬರವಣಿಗೆಗೆ ಮುಂಚೆಯೇ ಕಂಡುಕೊಂಡಿದ್ದ. ಬರವಣಿಗೆಯ ಜೊತೆಗೆ ಬಂದದ್ದು ರಾಜ್ಯ, ಕಂದಾಯ, ಮೇಲುಕೀಳು. ಜನರನ್ನು ಆಳಾಗಿ ಇಡುವುದೇ ಬರವಣಿಗೆಯ ಮೊದಲ ಕೆಲಸ, ಜ್ಞಾನ ಗೀನ ಎಲ್ಲ ಆಮೇಲಿನದು. ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ಕಡ್ಡಾಯ ಶಿಕ್ಷಣವೂ ಕಡ್ಡಾಯ ಸೈನ್ಯಸೇವೆಯೂ ಒಟ್ಟೊಟ್ಟಿಗೇ ಹರಡಿದ್ದು ಆಕಸ್ಮಿಕವಲ್ಲ ಎನ್ನುತ್ತಾನೆ. ಎಲ್ಲರೂ ಓದಬಲ್ಲವರಾದರೆ, ಕಾನೂನು ಗೊತ್ತಿರಲಿಲ್ಲ ಎನ್ನಲು ಯಾರಿಗೂ ದಾರಿ ಉಳಿಯುವುದಿಲ್ಲ.

ಹಳ್ಳಿಯ ಕಡೆಯಿಂದ ನೋಡಿದರೆ ಇದು ಎದೆಗೆ ನಾಟುವ ಮಾತು. ಊರಿಗೆ ಅಕ್ಷರ ಬಂದದ್ದು ಕಾವ್ಯದ ರೂಪದಲ್ಲಿ ಕಡಿಮೆ. ಸಾಲದ ಪತ್ರ, ಕಂದಾಯದ ನೋಟಿಸು, ಕೋರ್ಟಿನ ಸಮನ್ಸು, ಪೊಲೀಸರ ಪಂಚನಾಮೆಯ ರೂಪದಲ್ಲೇ ಹೆಚ್ಚು. ಅಂಚೆಯವನ ಕೈಯಲ್ಲಿ ಸರ್ಕಾರಿ ಲಕೋಟೆ ಕಂಡರೆ ಮನೆಮಂದಿಯ ಮುಖ ಬಾಡುತ್ತಿದ್ದ ಕಾಲ ತೀರಾ ಹಳೆಯದೇನಲ್ಲ.

ಆದರೂ ಲೆವಿ-ಸ್ಟ್ರಾಸ್‌ನ ಲೆಕ್ಕ ಕೂಡುವುದಿಲ್ಲ. ಇಂಕಾ ಸಾಮ್ರಾಜ್ಯ ಬರವಣಿಗೆಯಿಲ್ಲದೆ ಲಕ್ಷಾಂತರ ಜನರನ್ನು ಆಳಿತು. ಇದು ಆತನಿಗೂ ಗೊತ್ತು. ಅಂಥ ರಾಜ್ಯಗಳು ಬಾಳಿಕೆ ಬರಲಿಲ್ಲ ಎಂದು ಹೇಳಿ ಜಾರಿಕೊಳ್ಳುತ್ತಾನೆ. ಇನ್ನೂ ಹತ್ತಿರದ ಉದಾಹರಣೆ ಸಾಗರ ತಾಲೂಕಿನ ಕಾಗೋಡು. 1951ರಲ್ಲಿ ಅಲ್ಲಿನ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಸತ್ಯಾಗ್ರಹ ಹೂಡಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಜಗಳದ ನಡುವೆ ಇದ್ದದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರ. ಕೊಳಗ ದೊಡ್ಡದಾದಷ್ಟೂ ಒಡೆಯನ ಕಣಜ ತುಂಬುತ್ತದೆ. ಈ ಶೋಷಣೆಗೆ ಒಂದಕ್ಷರವೂ ಬೇಕಿರಲಿಲ್ಲ, ಪಾತ್ರೆಯೊಂದೇ ಸಾಕಿತ್ತು.

ಈ ಬರಹಗಾರನ ಅಜ್ಜನೂ ಅದೇ ಸೀಮೆಯಲ್ಲಿ ಗೇಣಿ ಮಾಡಿದವರು. 1974ರ ಮಾರ್ಚ್ 1ರಂದು ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು, ಉಳುವವನೇ ಒಡೆಯನಾಗಲು ಫಾರಂ 7 ತುಂಬಿ ಭೂನ್ಯಾಯಮಂಡಳಿಗೆ ಅರ್ಜಿ ಹಾಕಬೇಕಾಯಿತು. ಊರ ಬಾಯಲ್ಲಿ ಅದು 'ಡಿಕ್ಲರೇಷನ್ ಹಾಕುವುದು'. ಉಳುತ್ತಿದ್ದುದಕ್ಕೆ ಗುರುತೇನು ಎಂಬ ಪ್ರಶ್ನೆ ಎದ್ದಾಗ ಪಹಣಿ ಬೇಕು, ಗೇಣಿ ಕೊಟ್ಟ ರಸೀದಿ ಬೇಕು. ಅಜ್ಜನ ಒಡೆಯರು ವರ್ಷವೂ ಕಂತೆಗಟ್ಟಲೆ ಲೆಕ್ಕ ಬರೆದಿಟ್ಟವರೇ, ಗೇಣಿದಾರರಿಗೆ ಮಾತ್ರ ಒಂದು ಚೂರು ಕಾಗದ ಕೊಟ್ಟವರಲ್ಲ. ಕೇಳಿದರೆ, ನಮ್ಮ ನಿಮ್ಮಲ್ಲಿ ನಂಬಿಕೆಯಿಲ್ಲವೇ ಎಂಬ ಪ್ರಶ್ನೆ. ನಂಬಿಕೆಯ ಮಾತಿಗೆ ಎದುರಾಡಲು ಅಜ್ಜನಿಗೆ ನಾಲಗೆ ಬರುತ್ತಿರಲಿಲ್ಲ. ಇಲ್ಲಿ ಆಳನ್ನು ಆಳಾಗಿ ಇಟ್ಟದ್ದು ಬರವಣಿಗೆಯಲ್ಲ, ಅದನ್ನು ಒಬ್ಬನ ಪೆಟ್ಟಿಗೆಯೊಳಗೇ ಇಟ್ಟುಕೊಂಡ ಚಾಲಾಕಿತನ. ನಂಬಿಕ್ವಾರಾ ಮುಖಂಡನ ಆಟ ನಡೆದದ್ದೂ ಅವನ ಹಾಳೆಯನ್ನು ಇಸಿದುಕೊಂಡು ನೋಡಬಲ್ಲ ಇನ್ನೊಬ್ಬ ಆ ಗುಂಪಿನಲ್ಲಿ ಇಲ್ಲದ್ದರಿಂದಲೇ.

ಓದಿನ ಬೆಲೆ ಇರುವುದು ಇಲ್ಲಿ ಎಂಬುದು ಈ ಬರಹದ ವಾದ. ಓದಬಲ್ಲವರಿಗೆ ನಂಬದೆ ಇರುವ ಅವಕಾಶ ಸಿಗುತ್ತದೆ, ಅದೂ ಯಾರ ಮನಸ್ಸನ್ನೂ ನೋಯಿಸದೆ. ಮಾತ್ರೆಯ ಪಟ್ಟಿಯನ್ನು ತಿರುಗಿಸಿ ಒಂದು ತುದಿಯಲ್ಲಿ ಒತ್ತಿದ ತಾರೀಖನ್ನು ನೋಡಿಕೊಳ್ಳುವುದಕ್ಕೆ ಅಂಗಡಿಯವನನ್ನು ಕಳ್ಳ ಎನ್ನಬೇಕಾಗಿಲ್ಲ. ಬಣ್ಣ ನೋಡಿ ಮಾತ್ರೆ ಗುರುತಿಸುವ ಮುದುಕಿಗೆ, ಕಂಪನಿ ಬದಲಾಗಿ ಬಿಳಿ ಮಾತ್ರೆ ಗುಲಾಬಿಯಾದ ದಿನ ಮಗನನ್ನೋ ಸೊಸೆಯನ್ನೋ ಕರೆಯದೆ ಬೇರೆ ದಾರಿಯಿಲ್ಲ. ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಯಾವ ಸಾಲ ಕೂತಿದೆ, 12ರಲ್ಲಿ ಉಳುವವರೆಂದು ಯಾರನ್ನು ಬರೆದಿದ್ದಾರೆ ಎಂದು ಒಬ್ಬರೇ ಕೂತು, ಬೆರಳಿಟ್ಟು, ಎರಡು ಸಲ ನೋಡಬಹುದು. ಮಾತಾಡುವ ಫೋನು ಈ ಅವಕಾಶವನ್ನು ಕೊಡುವುದಿಲ್ಲ. ಅದು ಓದಿದ್ದನ್ನು ಕೇಳಿಸಿಕೊಳ್ಳಬೇಕು. ಏನನ್ನು ಬಿಟ್ಟು ಓದಿತು ಎಂಬುದು ಕೇಳುವವರಿಗೆ ತಿಳಿಯುವುದಿಲ್ಲ. ಒಡೆಯನ ಬಾಯಿಯ ಜಾಗಕ್ಕೆ ಯಂತ್ರದ ಬಾಯಿ ಬಂದಿದೆ, ಅಷ್ಟೆ.

ಇಷ್ಟು ಖಚಿತವಾಗಿ ಹೇಳಿದ ಮೇಲೆ ವಾದಕ್ಕೆ ಒದಗುವ ತೊಡಕುಗಳನ್ನೂ ಎಣಿಸಬೇಕು. 1951ರ ಜನಗಣತಿಯಂತೆ ಭಾರತದ ಸಾಕ್ಷರತೆ ಶೇ 18ರ ಆಸುಪಾಸು. ಆ ಜನರೇ ಮೊದಲ ಮಹಾಚುನಾವಣೆಯಲ್ಲಿ, ಅಭ್ಯರ್ಥಿಗೊಂದರಂತೆ ಇಟ್ಟ ಪೆಟ್ಟಿಗೆಯ ಮೇಲಿನ ಚಿಹ್ನೆ ನೋಡಿ ಮತ ಹಾಕಿದರು. ಇಂದಿನ ಪದವೀಧರರಿಗಿಂತ ಕೆಟ್ಟದಾಗಿ ಆರಿಸಿದರೆಂದು ಯಾರೂ ಹೇಳಲಾರರು. 1994ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಕೋಟ್ ಕಿರಾನಾದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ತನ್ನ ಮೊದಲ ಜನಸುನ್ವಾಯಿ, ಅಂದರೆ ಬಹಿರಂಗ ವಿಚಾರಣೆ, ನಡೆಸಿತು. ಕಾಮಗಾರಿಗಳ ಸರ್ಕಾರಿ ದಾಖಲೆಗಳನ್ನು ಊರ ಮುಂದೆ ಗಟ್ಟಿಯಾಗಿ ಓದಿದರು. ಅಂಥ ಸಭೆಗಳಲ್ಲಿ ಅಕ್ಷರ ಬಾರದ ಕೂಲಿಗಳು ಎದ್ದುನಿಂತು, ಈ ಹೆಸರಿನವನು ನಮ್ಮಲ್ಲಿ ಕೆಲಸವನ್ನೇ ಮಾಡಿಲ್ಲ, ಈ ಹಣ ನಮ್ಮ ಕೈ ಸೇರಿಲ್ಲ ಎಂದು ಬಾಯಿಬಿಟ್ಟರು. 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರು ಅಲ್ಲಿದೆ. ಓದಿದವರು ಒಬ್ಬಿಬ್ಬರು, ಪ್ರಶ್ನೆ ಕೇಳಿದವರು ನೂರಾರು ಜನ.

ಹಾಗಾದರೆ ಊರಿಗೆ, ಇಲ್ಲವೇ ಮನೆಗೆ, ಓದಬಲ್ಲವರು ಒಬ್ಬರಿದ್ದರೆ ಸಾಲದೇ? ಅರ್ಥಶಾಸ್ತ್ರಜ್ಞರಾದ ಕೌಶಿಕ್ ಬಸು ಮತ್ತು ಜೇಮ್ಸ್ ಫಾಸ್ಟರ್ 1998ರಲ್ಲಿ ಹೆಚ್ಚುಕಡಿಮೆ ಈ ದಿಕ್ಕಿನ ಮಾತನ್ನೇ ಲೆಕ್ಕ ಕಟ್ಟಿ ಹೇಳಿದರು. ಸಾಕ್ಷರರೊಬ್ಬರು ಇರುವ ಮನೆಯ ಅನಕ್ಷರಸ್ಥರ ಸ್ಥಿತಿಯೂ ಯಾರೂ ಓದಲಾರದ ಮನೆಯವರ ಸ್ಥಿತಿಯೂ ಒಂದೇ ಅಲ್ಲ, ಅಳೆಯುವಾಗ ಎರಡನ್ನೂ ಬೇರೆಯಾಗಿ ನೋಡಬೇಕು ಎಂಬುದು ಅವರ ವಾದ. ಮಾತು ಸರಿಯಾಗಿದೆ. ಮನೆಯವರೇ ಪಾಲುದಾರರಾಗುವ ದಿನ ಮಾತ್ರ ಅದರ ಮೇಲೆ ಭಾರ ಹಾಕಲಾಗದು.

ಈ ಬರಹಗಾರನಿಗೆ ಇಬ್ಬರು ಸೋದರತ್ತೆಯರು. ದೊಡ್ಡತ್ತೆಗೆ ಅಕ್ಷರ ಬಾರದು. ಚಿಕ್ಕತ್ತೆ ಎಂ.ಎ. ಮಾಡಿದವರು, ಗ್ರಂಥಾಲಯದ ಕಾಯಂ ಗಿರಾಕಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಬಂದ ಮೇಲೆ, ಅಣ್ಣತಮ್ಮಂದಿರಿಗೆ ಇಬ್ಬರಿಂದಲೂ ಹಕ್ಕು ಬಿಡುಗಡೆ ಪತ್ರ ಬೇಕಾಯಿತು. ಬಾಂಡ್ ಪೇಪರ್ ಬಂತು, ಹಿತ್ತಾಳೆ ತಟ್ಟೆಯಲ್ಲಿ ಸೀರೆ, ಅರಿಸಿನ-ಕುಂಕುಮ ಬಂತು. ಚಿಕ್ಕತ್ತೆ ಪುಟ ತಿರುಗಿಸುತ್ತ ಪ್ರತಿ ಪುಟದ ಅಂಚಿಗೆ ದುಂಡನೆಯ ಸಹಿ ಹಾಕಿದರು. ಒಂದು ಸಾಲನ್ನೂ ಓದಲಿಲ್ಲ. ಅಣ್ಣಂದಿರ ಎದುರಿಗೆ ಪತ್ರ ಓದುತ್ತ ಕೂತರೆ ಅವರಿಗೆ ಬೇಜಾರಾಗುವುದಿಲ್ಲವೇ ಎಂದರು ಆಮೇಲೆ. ದೊಡ್ಡತ್ತೆಗೆ ಓದಿ ಹೇಳಲು ಹೊರಟವನು ಇದೇ ಬರಹಗಾರ, ಅವನ ತಂದೆಯ ಪಾಲಿನ ಪ್ರಶ್ನೆಯೂ ಆ ಪತ್ರದಲ್ಲೇ ಇತ್ತು. 'ನೀನು ಬೇಡ ಮಾರಾಯ, ಹೊರಗಿನವರು ಯಾರಾದರೂ ಓದಲಿ' ಎಂದರು ದೊಡ್ಡತ್ತೆ. ಅಂಗನವಾಡಿಯ ಮೇಡಂ ಬಂದು ಓದಿದರು. ದೊಡ್ಡತ್ತೆ ಎರಡು ಕಡೆ ನಿಲ್ಲಿಸಿ ಮತ್ತೆ ಓದಿಸಿದರು. ಆ ದಿನ ಹೆಬ್ಬೆಟ್ಟು ಒತ್ತಲಿಲ್ಲ.

ಓದು ಬಂದರೆ ಮನಸ್ಸು ನೋಯಿಸದೆ ಅನುಮಾನಿಸಬಹುದು ಎಂದು ಮೇಲೆ ಬರೆದ ಮಾತಿಗೆ ಇಲ್ಲಿ ದೊಡ್ಡ ತೂತು ಬಿದ್ದಿದೆ. ಅನುಮಾನ ಇದ್ದದ್ದು ಅಕ್ಷರ ಬಾರದವರಲ್ಲಿ. ಅಕ್ಷರ ಬಂದವರಿಗೆ ಪಕ್ಕದಲ್ಲೇ ಕೂತ ಅಣ್ಣಂದಿರ ಮುಖದ ಮುಂದೆ ಪತ್ರ ಕಾಣಲೇ ಇಲ್ಲ. ಸಹಿಗೆ ಮುಂಚೆ ಒಬ್ಬರೇ ಕೂತು ಓದಲು ಒಂದು ರಾತ್ರಿ ಸಿಕ್ಕಿದ್ದರೆ ಚಿಕ್ಕತ್ತೆ ಬೇರೆ ಮಾಡುತ್ತಿದ್ದರೋ ಏನೋ. ಮಾಡುತ್ತಿದ್ದರೆಂದು ಪ್ರಮಾಣ ಮಾಡುವಂತಿಲ್ಲ. ತಿಳಿಯುವುದು ಒಂದು, ಬೇಡ ಎನ್ನುವುದು ಇನ್ನೊಂದು. ಎರಡನೆಯದನ್ನು ಯಾವ ಕಾಗುಣಿತವೂ ಕಲಿಸಿದಂತಿಲ್ಲ.

ಕಾನೂನಿನ ಕಡೆಯಿಂದ ನೋಡಿದರೆ ಲೆವಿ-ಸ್ಟ್ರಾಸ್ ಇನ್ನಷ್ಟು ಗೆಲ್ಲುತ್ತಾನೆ. ಪರದೆಯ ಹಿಂದಿನ ಹೆಂಗಸರ ರಕ್ಷಣೆಗೆಂದು ಬ್ರಿಟಿಷರ ಕಾಲದಲ್ಲಿ ಬೆಳೆದ ತತ್ತ್ವವೊಂದನ್ನು ನಮ್ಮ ನ್ಯಾಯಾಲಯಗಳು ಅನಕ್ಷರಸ್ಥ ಹೆಂಗಸರಿಗೂ ಅನ್ವಯಿಸಿವೆ: ಪತ್ರವನ್ನು ಓದಿ ಹೇಳಿ ಅರ್ಥ ಮಾಡಿಸಿದ್ದೆವು ಎಂಬುದನ್ನು ಅದರಿಂದ ಲಾಭ ಪಡೆದವರೇ ಸಾಬೀತು ಮಾಡಬೇಕು. ಓದು ಬಲ್ಲವರ ಸಹಿಯಿದ್ದರೆ, ತಿಳಿದೇ ಹಾಕಿದ್ದಾರೆ ಎಂಬ ಊಹೆಯಿಂದ ಕೋರ್ಟು ಹೊರಡುತ್ತದೆ. ಹಾಗಲ್ಲವೆಂದು ತೋರಿಸುವ ಹೊರೆ ಸಹಿ ಹಾಕಿದವರದು. ದೊಡ್ಡತ್ತೆ ಹೆಬ್ಬೆಟ್ಟು ಒತ್ತಿದ್ದರೂ, ನಾಳೆ ತಕರಾರು ಎದ್ದಾಗ ಅದಕ್ಕೆ ಸಿಗುವ ಆಸರೆ ಚಿಕ್ಕತ್ತೆಯ ದುಂಡನೆಯ ಸಹಿಗೆ ಇಲ್ಲ. ಗೊತ್ತಿರಲಿಲ್ಲ ಎನ್ನುವ ದಾರಿಯನ್ನು ಅಕ್ಷರ ಮುಚ್ಚುತ್ತದೆ ಎಂದ ಆ ಫ್ರೆಂಚ್ ಪಂಡಿತ ಸಾಗರ ತಾಲೂಕನ್ನು ಕಂಡವನಲ್ಲ.

ಇದರಿಂದ ಅಕ್ಷರ ಬೇಡ ಎಂಬ ತೀರ್ಮಾನಕ್ಕೆ ಬರಲಾಗದು. ದೊಡ್ಡತ್ತೆಗೂ ಅಂಗನವಾಡಿಯ ಮೇಡಂ ಬೇಕಾಯಿತು, ಆಕೆ ಆ ದಿನ ರಜೆಯ ಮೇಲೆ ಇದ್ದಿದ್ದರೆ ಕತೆಯೇ ಬೇರೆ. ಆದರೆ ಸಹಿ ಬಂದು ಓದು ಬಾರದ ಅರ್ಧ ಅಕ್ಷರ ಅಪಾಯಕಾರಿ ಎನ್ನಲು ಈಗ ಕಾರಣವಿದೆ. 2022ರ ಅಸರ್ ಸಮೀಕ್ಷೆಯಂತೆ ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ 42.8. ಉಳಿದವರಲ್ಲೂ ಎಷ್ಟೋ ಮಂದಿಗೆ ಹೆಸರು ಬರೆಯಲು ಬರುತ್ತದೆ. ವಯಸ್ಕರಿಗಾಗಿ 2022ರಲ್ಲಿ ಶುರುವಾದ ಕೇಂದ್ರದ ಉಲ್ಲಾಸ್ ಕಾರ್ಯಕ್ರಮದ ಪಟ್ಟಿಯಲ್ಲಿ ಹಣಕಾಸು, ಕಾನೂನಿನ ತಿಳಿವಳಿಕೆಯೂ ಸೇರಿದೆ, ಒಳ್ಳೆಯದು. ಆದರೂ ಊರೂರಿನಲ್ಲಿ ಫೋಟೋ ತೆಗೆಸಿಕೊಳ್ಳುವುದು ಹೆಬ್ಬೆಟ್ಟು ಬಿಟ್ಟು ಸಹಿ ಕಲಿತ ಸಂಭ್ರಮಕ್ಕೇ.

ಸಾಕ್ಷರತಾ ಕೇಂದ್ರ ನಡೆಸುವವರಲ್ಲಿ ಆದ್ದರಿಂದ ಒಂದು ಕೋರಿಕೆ. ಸಹಿಯನ್ನು ಮೊದಲ ಪಾಠ ಮಾಡಬೇಡಿ. ಪಹಣಿ, ಮಾತ್ರೆಯ ಪಟ್ಟಿ, ಸ್ವಸಹಾಯ ಸಂಘದ ಪಾಸ್‌ಬುಕ್, ಬಿಡುಗಡೆ ಪತ್ರದ ಒಂದು ನಕಲು ಇವನ್ನು ಕಲಿಯುವವರ ಮುಂದಿಟ್ಟು, ಮನೆಯವರು ಯಾರೂ ಪಕ್ಕದಲ್ಲಿ ಇಲ್ಲದ ಹೊತ್ತಿನಲ್ಲಿ ಓದಿಸಿ. ಅವರು ಎರಡು ಕಡೆ ನಿಲ್ಲಿಸಿ ಪ್ರಶ್ನೆ ಕೇಳುವಂತಾದ ಮೇಲೆ ಸಹಿ ಕಲಿಸಿ.