ಇಂದಿನ ಧಮ್ಮ ಚಿಂತನೆ: ತೆಪ್ಪ ಕಟ್ಟಿಕೊಂಡು ಹೊರಡೋಣ





ಕಳೆದ ಭಾನುವಾರ ವಂದನೆ ಮುಗಿದ ಮೇಲೆ ನಮ್ಮ ಬಳಗದ ಹಿರಿಯ ಉಪಾಸಕರೊಬ್ಬರು ನನ್ನನ್ನು ಕೇಳಿದರು: "ಮೇಷ್ಟ್ರೇ, ಫೋನು ಇಂಟರ್‌ನೆಟ್ಟು ಎರಡೂ ಒಂದೇ ಕಂಪನಿಯದು. ಬಿಲ್ಲು ಏರ್ತಾನೇ ಇದೆ, ಲೈನು ವಾರಕ್ಕೆ ಎರಡು ದಿನ ಇರಲ್ಲ. ಬಿಟ್ಬಿಡೋಣ ಅಂದ್ರೆ ಇ-ಮೇಲ್ ಅವರೇ ಕೊಟ್ಟಿದ್ದು. ಬ್ಯಾಂಕು, ಪಿಂಚಣಿ, ಮಗಳ ಪತ್ರ ಎಲ್ಲಾ ಅದಕ್ಕೇ ಬರುತ್ತೆ. ಅದೊಂದಕ್ಕೋಸ್ಕರ ಮೂರು ವರ್ಷದಿಂದ ದುಡ್ಡು ಕಟ್ತಾ ಕೂತಿದೀನಿ."

ಒಂದು ವಿಳಾಸಕ್ಕಾಗಿ ಮೂರು ವರ್ಷದ ಬಾಡಿಗೆ! ಇದು ಕಂಪ್ಯೂಟರಿನ ಪ್ರಶ್ನೆಯಂತೆ ಕಂಡರೂ ಧಮ್ಮದ ಪ್ರಶ್ನೆಯೂ ಹೌದು. ಬೇಡವಾದದ್ದನ್ನು ನಾವೇಕೆ ಬಿಡಲಾರೆವು? ಬಿಡುವುದಾದರೆ ಹೇಗೆ ಬಿಡಬೇಕು?

ಮೊದಲು ವಿಷಯ ತಿಳಿಯೋಣ. ನಮ್ಮ ದೇಶದಲ್ಲಿ 2011ರ ಜನವರಿ 20ರಿಂದ ಎಲ್ಲ ಕಡೆಯೂ ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿ ಬದಲಿಸಬಹುದು. ಅದಕ್ಕೂ ಮುಂಚೆ ಕಂಪನಿ ಬಿಟ್ಟರೆ ಸಂಖ್ಯೆಯೂ ಹೋಗುತ್ತಿತ್ತು. ಈಗ ಪೋರ್ಟ್ ಎಂದು ಬರೆದು ನಮ್ಮ ಸಂಖ್ಯೆ ಸೇರಿಸಿ 1900ಕ್ಕೆ ಸಂದೇಶ ಕಳಿಸಿದರೆ ಒಂದು ಕೋಡ್ ಬರುತ್ತದೆ. ಅದನ್ನು ಹೊಸ ಕಂಪನಿಗೆ ಕೊಟ್ಟರೆ ಆಯಿತು. ಯಾವ ಸಂಖ್ಯೆ ಈಗ ಯಾರ ಬಳಿ ಇದೆ ಎಂದು ತಿಳಿಸುವ ಒಂದು ಸಾಮಾನ್ಯ ಲೆಕ್ಕ ಇರುವುದರಿಂದ ಇದು ಸಾಧ್ಯ.

ಇ-ಮೇಲ್‌ಗೆ ಆ ಸೌಲಭ್ಯ ಇಲ್ಲ. ವಿಳಾಸದಲ್ಲಿ ಅಟ್ ಚಿಹ್ನೆಯ ಮುಂದಿನ ಹೆಸರು ಕಂಪನಿಯದು. ನಮಗೆ ಬರುವ ಪತ್ರವೆಲ್ಲ ಮೊದಲು ಅವರ ಬಾಗಿಲಿಗೆ ಹೋಗಿ ಅಲ್ಲಿಂದ ನಮಗೆ ಸಿಗಬೇಕು. 2014ರ ನವೆಂಬರ್ 1ರಂದು ನಮ್ಮ ಊರಿನ ಇಂಗ್ಲಿಷ್ ಹೆಸರು ಮೈಸೋರ್ ಹೋಗಿ ಮೈಸೂರು ಆಯಿತು. ಹಳೆಯ ಹೆಸರು ಬರೆದ ಕಾಗದವೂ ಮನೆಗೆ ಬಂತು, ಏಕೆಂದರೆ ಅಂಚೆಯಣ್ಣನಿಗೆ ಊರೂ ಗೊತ್ತು, ನಾವೂ ಗೊತ್ತು. ಕಂಪ್ಯೂಟರಿಗೆ ಗೊತ್ತಿರುವುದು ವಿಳಾಸ ಮಾತ್ರ. ಕಂಪನಿ ಆ ವಿಳಾಸವನ್ನು ಮುಚ್ಚಿದರೆ ಪತ್ರ ಕಳಿಸಿದವರಿಗೇ ವಾಪಸು ಹೋಗುತ್ತದೆ.

ನಾವು ಬಿಡದಿದ್ದರೂ ಕಂಪನಿ ಹಾಗೇ ಇರುತ್ತದೆ ಎನ್ನುವಂತಿಲ್ಲ. 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಮೊದಲು ಇಂಟರ್‌ನೆಟ್ ಕೊಟ್ಟದ್ದು ವಿಎಸ್‌ಎನ್‌ಎಲ್ ಎಂಬ ಸರ್ಕಾರಿ ಸಂಸ್ಥೆ. ಆ ಕಾಲದಲ್ಲಿ ಆ ಹೆಸರಿನ ಇ-ಮೇಲ್ ಇದ್ದರೆ ಅದೊಂದು ಗೌರವ. 2002ರಲ್ಲಿ ಸಂಸ್ಥೆ ಟಾಟಾ ಸಮೂಹದ ಕೈಗೆ ಹೋಯಿತು. 2008ರಲ್ಲಿ ಹೆಸರೇ ಬದಲಾಯಿತು. ಉಚಿತ ಮೇಲ್ ಕೊಡುವವರೂ ಶಾಶ್ವತವಲ್ಲ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಅಳಿಸಬಹುದು ಎಂಬ ನಿಯಮ ಗೂಗಲ್‌ನಲ್ಲೂ ಇದೆ. ಅನಿಚ್ಚ ಎಂದು ದಿನವೂ ಹೇಳುತ್ತೇವಲ್ಲ, ಅದು ಇದಕ್ಕೂ ಅನ್ವಯಿಸುತ್ತದೆ.

ಹಾಗಾದರೆ ಇವತ್ತೇ ಬಿಟ್ಟುಬಿಡುವುದೇ? ಇಲ್ಲಿ ಬುದ್ಧರು ಹೇಳಿದ ತೆಪ್ಪದ ಹೋಲಿಕೆ ನೆನೆಯೋಣ. ಮಜ್ಝಿಮ ನಿಕಾಯದ ಅಲಗದ್ದೂಪಮ ಸುತ್ತದಲ್ಲಿ ಅದು ಬರುತ್ತದೆ. ಹೊಳೆ ದಾಟಿದ ಮೇಲೆ ತೆಪ್ಪವನ್ನು ತಲೆಯ ಮೇಲೆ ಹೊತ್ತು ನಡೆಯಬಾರದು ಎಂಬ ಕೊನೆಯ ಮಾತು ನಮಗೆಲ್ಲ ನೆನಪಿದೆ. ಮೊದಲ ಭಾಗ ಮರೆತಿದ್ದೇವೆ. ಆ ಮನುಷ್ಯ ಈಚೆ ದಡ ಅಪಾಯದ್ದೆಂದು ಗೊತ್ತಿದ್ದೂ ಹೊಳೆಗೆ ಹಾರಲಿಲ್ಲ. ಹುಲ್ಲು, ಕಡ್ಡಿ, ಕೊಂಬೆ, ಎಲೆ ಕೂಡಿಸಿದ. ತೆಪ್ಪ ಕಟ್ಟಿದ. ಕೈಕಾಲು ಬಡಿದು ದಾಟಿದ. ಬಿಡುವ ಮುಂಚೆ ಕಟ್ಟುವ ಕೆಲಸ ಇತ್ತು.

ಬಾಬಾಸಾಹೇಬರು ನಡೆದದ್ದೂ ಹೀಗೆಯೇ. 1935ರ ಅಕ್ಟೋಬರ್ 13ರಂದು ಯೇವಲೆಯಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು. ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ. 1936ರಲ್ಲಿ ಮುಂಬೈನ ಪರಿಷತ್ತಿನಲ್ಲಿ ಮತಾಂತರ ಮಕ್ಕಳಾಟವಲ್ಲ, ಯಾನಕ್ಕೆ ಹೊರಡುವ ನಾವಿಕನಂತೆ ಮೊದಲೇ ಸಿದ್ಧತೆ ಬೇಕು ಎಂಬರ್ಥದ ಮಾತು ಹೇಳಿದ್ದರು. ಅದರಂತೆ ಧರ್ಮಗಳನ್ನು ತೂಗಿ ನೋಡಿದರು, ಪಾಲಿ ಓದಿದರು, ಶ್ರೀಲಂಕಾ ಮತ್ತು ಬರ್ಮಾಗಳಿಗೆ ಹೋಗಿ ಬಂದರು, 1955ರಲ್ಲಿ ಭಾರತೀಯ ಬೌದ್ಧ ಮಹಾಸಭಾ ಕಟ್ಟಿದರು. ಜನರ ಕೈಗೆ ಕೊಡಲು ಧಮ್ಮದ ಗ್ರಂಥ ಬರೆದರು. ಅವರು ಕೊಟ್ಟ 22 ಪ್ರತಿಜ್ಞೆಗಳನ್ನು ನೋಡಿ, ಅಲ್ಲಿ ಬಿಡುವುದೂ ಇದೆ, ಹಿಡಿಯುವುದೂ ಇದೆ. ಬರೀ ಬಿಟ್ಟವನು ಬೀದಿಯಲ್ಲಿ ನಿಲ್ಲುತ್ತಾನೆ ಎಂದು ಅವರಿಗೆ ಗೊತ್ತಿತ್ತು.

ಇಷ್ಟು ಸಿದ್ಧತೆ ಇದ್ದರೂ ದಾಟಿದವರು ಬೆಲೆ ತೆತ್ತರು. ಬೌದ್ಧರಾದ ಕೂಡಲೇ ಪರಿಶಿಷ್ಟ ಜಾತಿಯವರಿಗೆ ಸಂವಿಧಾನ ಕೊಟ್ಟ ಹಕ್ಕು ಕೈತಪ್ಪಿತು. ಧರ್ಮ ಬದಲಾದರೂ ಊರು ಬದಲಾಗಿರಲಿಲ್ಲ, ಊರಿನ ಕಣ್ಣೂ ಬದಲಾಗಿರಲಿಲ್ಲ. ಆದರೂ ಕಾಗದದಲ್ಲಿ ಹಕ್ಕಿಲ್ಲ! 1990ರಲ್ಲಿ ಸಂಸತ್ತು ಕಾನೂನು ತಿದ್ದಿ, ಬೌದ್ಧರಾದ ಪರಿಶಿಷ್ಟರಿಗೂ ಆ ಹಕ್ಕು ಉಂಟು ಎಂದಿತು. ಕಾದದ್ದು 34 ವರ್ಷ. ಒಂದು ಕಡೆಯಿಂದ ಹೊರಟವನು ತನಗೆ ಸೇರಬೇಕಾದ್ದನ್ನು ಜೊತೆಗೆ ಒಯ್ಯಬಹುದು ಎಂದು ವ್ಯವಸ್ಥೆ ಒಪ್ಪುವುದು ಎಷ್ಟು ದೊಡ್ಡ ಮಾತು ಎಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಕ್ಕೇ ಹೇಳುವುದು, ವಿಳಾಸದ ವಿಷಯ ಸಣ್ಣದಲ್ಲ. ವಿದ್ಯಾರ್ಥಿವೇತನದ ಸೂಚನೆ ಮುಚ್ಚಿದ ಪೆಟ್ಟಿಗೆಗೆ ಹೋದರೆ ನಮ್ಮ ಮಗುವಿನ ಒಂದು ವರ್ಷ ಹೋಗಬಹುದು.

ಈಗ ತೆಪ್ಪ ಕಟ್ಟುವ ಕ್ರಮ. ಆ ಹಿರಿಯರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

1. ಹಳೆಯದನ್ನು ಮುಚ್ಚುವ ಮುಂಚೆ ಹೊಸ ಮೇಲ್ ತೆರೆಯಿರಿ. ಇಂಟರ್‌ನೆಟ್ ಕೊಡುವ ಕಂಪನಿಗೆ ಅದು ಅಂಟಿಕೊಂಡಿರಬಾರದು. ನಾಳೆ ಇವರನ್ನೂ ಬಿಡಬೇಕಾದೀತು.

2. ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿ: ಬ್ಯಾಂಕು, ಪಿಂಚಣಿ, ಪಿಎಫ್, ಆದಾಯ ತೆರಿಗೆ, ಆಧಾರ್, ವಿಮೆ, ಗ್ಯಾಸ್, ರೈಲ್ವೆ ಟಿಕೆಟ್, ಮಕ್ಕಳ ಶಾಲೆ, ವಿದ್ಯಾರ್ಥಿವೇತನ. ಒಂದೊಂದರಲ್ಲೂ ವಿಳಾಸ ಬದಲಿಸಿ, ಆದ ಮೇಲೆ ಗುರುತು ಹಾಕಿ. ಹಣದ ವಿಷಯ ಮೊದಲು. ಬದಲಾವಣೆಯ ಕೋಡ್ ಹಳೆಯ ಮೇಲ್‌ಗೇ ಬರಬಹುದು, ಆದ್ದರಿಂದ ಅದು ಜೀವಂತ ಇರುವಾಗಲೇ ಮುಗಿಸಿ.

3. ಹಳೆಯ ಪತ್ರ, ಫೋಟೋ, ಫೋನ್ ಸಂಖ್ಯೆಗಳ ಪ್ರತಿ ತೆಗೆದಿಟ್ಟುಕೊಳ್ಳಿ. ಬಾರದಿದ್ದರೆ ಮನೆಯ ಮಕ್ಕಳನ್ನು ಕೇಳಿ, ಸಂಕೋಚ ಬೇಡ.

4. ಬಂಧುಗಳಿಗೆ ಹೊಸ ಮೇಲ್‌ನಿಂದಲೇ ಒಂದು ಸಾಲು ಕಳಿಸಿ.

5. ಎರಡು ಮೂರು ತಿಂಗಳು ಎರಡನ್ನೂ ಇಟ್ಟುಕೊಳ್ಳಿ. ಹಳೆಯದಕ್ಕೆ ಇನ್ನೂ ಏನು ಬರುತ್ತಿದೆ ನೋಡಿ. ಪಟ್ಟಿಯಲ್ಲಿ ಬಿಟ್ಟುಹೋದದ್ದು ಅಲ್ಲಿ ತಿಳಿಯುತ್ತದೆ.

6. "ನಿಮ್ಮ ಮೇಲ್ ನಿಂತುಹೋಗುತ್ತೆ, ಓಟಿಪಿ ಹೇಳಿ" ಎಂದು ಯಾರೇ ಫೋನ್ ಮಾಡಿದರೂ ಹೇಳಬೇಡಿ.

7. ಆಮೇಲೆ ಮುಚ್ಚಿ. ಮುಚ್ಚಿದ್ದಕ್ಕೆ ಕಾಗದ ಪಡೆದು ಇಟ್ಟುಕೊಳ್ಳಿ. ಹಿಂದಿರುಗಿ ನೋಡಬೇಡಿ.

ಈ ಎಚ್ಚರಕ್ಕೇ ಧಮ್ಮದಲ್ಲಿ ಅಪ್ಪಮಾದ ಎನ್ನುತ್ತಾರೆ. ತಥಾಗತರ ಕೊನೆಯ ಉಪದೇಶವೂ ಅದೇ. ಇಲ್ಲಿ ಎರಡು ತಪ್ಪು ದಾರಿಗಳಿವೆ. ಹೆದರಿ ಬಿಡದೇ ಇರುವುದು ಒಂದು. ರೋಸಿಹೋಗಿ ಒಂದೇ ಏಟಿಗೆ ಬಿಡುವುದು ಇನ್ನೊಂದು. ಅಪ್ಪಮಾದ ಇವೆರಡರ ನಡುವಿನ ದಾರಿ.

ನಮ್ಮ ಅಜ್ಜ ಅಜ್ಜಿಯರ ವಿಳಾಸವನ್ನು ಊರಿನವರು ಬರೆದರು: ಊರ ಹೊರಗಿನ ಕೇರಿ. ಅದು ಅವರ ಆಯ್ಕೆಯಾಗಿರಲಿಲ್ಲ. ನಮಗೆ ಆಯ್ದುಕೊಳ್ಳುವ ಅವಕಾಶವನ್ನು ಬಾಬಾಸಾಹೇಬರು ಗಳಿಸಿಕೊಟ್ಟರು. ಯಾರೋ ಕೊಟ್ಟ ಹೆಸರು ಕಳೆದುಹೋದೀತು ಎಂಬ ಅಂಜಿಕೆಯಿಂದ, ನೋವು ಕೊಡುವ ಜಾಗದಲ್ಲಿ ಬಾಡಿಗೆ ಕಟ್ಟುತ್ತಾ ಕೂರುವುದು ಬೇಡ.

ಇಂದಿನ ಅಭ್ಯಾಸ: ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ಕೂತು, ಬಿಡಬೇಕೆಂದು ವರ್ಷಗಟ್ಟಲೆ ಅಂದುಕೊಂಡಿರುವ ಒಂದನ್ನು ಬರೆಯಿರಿ. ಅದರ ಕೆಳಗೆ, ಅದನ್ನು ಬಿಡುವ ಮುಂಚೆ ಕಟ್ಟಿಕೊಳ್ಳಬೇಕಾದ್ದನ್ನು ಬರೆಯಿರಿ. ನಾಳೆ ಅದರಲ್ಲಿ ಮೊದಲನೆಯದನ್ನು ಮಾಡಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.