ಹಣೆಬರಹಕ್ಕೆ ಹೊಣೆ ಯಾರು?

ಸಾವಿನ ಮನೆಯ ಜಗುಲಿಯಲ್ಲಿ ಈ ಮಾತು ಕೇಳದವರಿಲ್ಲ. ಹೇಳಿದವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾರೆ, ಎದುರಿಗೆ ಕೂತವರು ‘ಹೂಂ’ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಗಾದೆ ಕೇಳುತ್ತಿರುವುದು ಪ್ರಶ್ನೆ. ನಮ್ಮ ಕಿವಿಗೆ ಬೀಳುವುದು ‘ಯಾರೂ ಅಲ್ಲ’ ಎಂಬ ಉತ್ತರ.

ಪ್ರಾಸಕ್ಕಾಗಿ ಹಣೆಯ ಪಕ್ಕದಲ್ಲಿ ಹೊಣೆ ಬಂದು ಕೂತಿದೆ ಅಂದುಕೊಂಡರೆ ಅರ್ಧ ಸರಿ. ಹೊಣೆ ಸಾಲದ ವ್ಯವಹಾರದ ಪದ. ‘ಅವನು ತೀರಿಸದಿದ್ದರೆ ನಾನು ಕೊಡುತ್ತೇನೆ’ ಎಂದು ನಡುವೆ ನಿಲ್ಲುವವನು ಹೊಣೆಗಾರ. ಹಳಗನ್ನಡದ ಪೊಣೆಗೂ ಇದೇ ಅರ್ಥ. ಬ್ರಹ್ಮನ ಬರಹಕ್ಕೆ ಜಾಮೀನು ನಿಲ್ಲುವ ಧೈರ್ಯ ಯಾರಿಗಿದೆ ಎಂದು ಗಾದೆ ತುಸು ತುಂಟತನದಿಂದಲೇ ಕೇಳುತ್ತಿದೆ.

ಕೇಡನ್ನು ಹೆಸರಿಸುವ ನಮ್ಮ ಪದಗಳೂ ಈ ಹೊಣೆಯನ್ನು ತಮತಮಗೆ ತೋಚಿದಂತೆ ಹಂಚುತ್ತವೆ. ಆಕಸ್ಮಿಕದ ಬೇರು ಅಕಸ್ಮಾತ್, ಅಂದರೆ ‘ಯಾವುದರಿಂದಲೂ ಅಲ್ಲ’. ಕಾರಣವೇ ಇಲ್ಲದ ಮೇಲೆ ಹೊಣೆ ಎಲ್ಲಿಯದು? ಅನಾಹುತ ಎಂದಾಗ ಸಂಸ್ಕೃತದ ಅನಾಹೂತ, ಕರೆಯದೆ ಬಂದ ಅತಿಥಿ, ನೆನಪಾಗುತ್ತಾನೆ. ಪ್ರಮಾದ ಮಾತ್ರ ನೇರ ಬೆರಳು ತೋರಿಸುತ್ತದೆ: ಎಚ್ಚರಗೇಡಿತನ. ಗಡಿ ದಾಟಿ ಆಂಧ್ರಕ್ಕೆ ಹೋದರೆ ರಸ್ತೆ ಅಪಘಾತವೆಲ್ಲ ‘ಪ್ರಮಾದಂ’. ಅಲ್ಲಿಯವರ ಕಿವಿಗೆ ಆ ಬೆರಳು ಈಗ ಕಾಣದಿರಬಹುದು, ನನ್ನ ಕನ್ನಡದ ಕಿವಿಗೆ ಮಾತ್ರ ಚುಚ್ಚುತ್ತದೆ. ತಮಿಳಿಗೆ ಹೋದರೆ ನಮ್ಮ ವಿಪತ್ತೇ ಅಪಘಾತ. ನಾವು ಅದನ್ನು ನೆರೆ, ಭೂಕಂಪಗಳಿಗೆ ಎತ್ತಿಟ್ಟಿದ್ದೇವೆ.

ಮನೆಮಾತಿನಲ್ಲಿ ಇವು ಯಾವುವೂ ಬೇಕಾಗುವುದಿಲ್ಲ. ‘ಏನಾದ್ರೂ ಹೆಚ್ಚುಕಮ್ಮಿ ಆದ್ರೆ?’ ‘ಒಂದು ಹೋಗಿ ಇನ್ನೊಂದಾದ್ರೆ?’ ಸಾವನ್ನೇ ಮನಸ್ಸಿನಲ್ಲಿಟ್ಟುಕೊಂಡು ಆಡುವ ಮಾತು ಲೆಕ್ಕದ ಪುಸ್ತಕದ ತಪ್ಪಿನ ಹಾಗೆ ಕೇಳುತ್ತದೆ. ಹಾವು ಕಚ್ಚಿದರೆ ‘ಹುಳ ಮುಟ್ಟಿದೆ’. ಕರೆಯದೆ ಬರುವವನನ್ನು ಹೆಸರು ಹಿಡಿದು ಬೇರೆ ಕರೆಯಬೇಕೆ ಎಂಬ ಅಂಜಿಕೆ.

ಕ್ರಿಯಾಪದದ ಜಾಣತನ ಇನ್ನೂ ದೊಡ್ಡದು. ಚಿಕ್ಕವನಿದ್ದಾಗ ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿಗೆ ಕೈ ಹಾಕಿ ಕೆಡವಿದ್ದೆ. ‘ಅಜ್ಜೀ, ಭರಣಿ ಒಡೆದುಹೋಯ್ತು’ ಅಂದೆ. ‘ತಾನಾಗೇ ಹೋಯ್ತೇನೋ? ಕಾಲು ಬಂದಿತ್ತಾ ಅದಕ್ಕೆ?’ ಅಂದಳು ಅಜ್ಜಿ. ‘ಒಡೆದೆ’ ಎಂದಿದ್ದರೆ ನಾನಿರುತ್ತಿದ್ದೆ; ‘ಹೋಯ್ತು’ ಸೇರಿಸಿದ್ದೇ ತಡ, ನಾನು ಅಟ್ಟದಿಂದ ಮಾಯ. ಪತ್ರಿಕೆಗಳ ತಲೆಬರಹದಲ್ಲೂ ಇದೇ ಮಾಯ. ‘ಲಾರಿ ಹರಿದು ಸವಾರ ಸಾವು’, ‘ನಿಯಂತ್ರಣ ತಪ್ಪಿ ಬಸ್ ಪಲ್ಟಿ’. ಹರಿದದ್ದು ಲಾರಿ, ತಪ್ಪಿದ್ದು ನಿಯಂತ್ರಣ. ಮನುಷ್ಯ ಮರಳಿ ಬರುವುದು ಪೊಲೀಸರ ಸವೆದ ವಾಕ್ಯದಲ್ಲಿ: ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ’. ಆ ಅಜಾಗರೂಕತೆ ನಮ್ಮ ಹಳೆಯ ಪ್ರಮಾದವೇ.

ಕಾನೂನಿಗೂ ಈ ಗಾದೆ ಎದುರಾಗಿತ್ತು ಅನ್ನಿ. 1860ರ ಭಾರತೀಯ ದಂಡ ಸಂಹಿತೆಯ 80ನೇ ಕಲಮು, ಈಗ ನ್ಯಾಯ ಸಂಹಿತೆಯ 18ನೆಯದು, ಅಪಘಾತ ಅಥವಾ ದುರದೃಷ್ಟದಿಂದ ಆದದ್ದು ಅಪರಾಧವಲ್ಲ ಎನ್ನುತ್ತದೆ. ಅದಕ್ಕೆ ಕೊಟ್ಟಿರುವ ಉದಾಹರಣೆ ಹಳ್ಳಿಯ ಹಿತ್ತಲಿನದೇ. ಒಬ್ಬ ಕೊಡಲಿ ಹಿಡಿದು ಕೆಲಸ ಮಾಡುತ್ತಿದ್ದಾನೆ, ಅಲಗು ಕಳಚಿ ಹಾರಿ ಪಕ್ಕದಲ್ಲಿ ನಿಂತವನ ಪ್ರಾಣ ಹೋಗುತ್ತದೆ. ಕೆಲಸದವನು ತಕ್ಕ ಎಚ್ಚರ ವಹಿಸಿದ್ದರೆ ತಪ್ಪಿತಸ್ಥನಲ್ಲ. ಸೌದೆ ಒಡೆದವರಿಗೆ ಆ ಎಚ್ಚರ ಏನೆಂದು ಗೊತ್ತು: ಕಾವು ಒಣಗಿ ಸಡಿಲವಾದರೆ ಬೆಣೆ ಹೊಡೆಯಬೇಕು, ಇಲ್ಲವೇ ಕೊಡಲಿಯನ್ನು ರಾತ್ರಿ ನೀರಿನಲ್ಲಿ ನೆನೆಹಾಕಬೇಕು. ಹಣೆ ನೋಡುವ ಮೊದಲು ಬೆಣೆ ನೋಡಿ ಎಂಬುದು ಕಲಮಿನ ಸಾರ. ಬೆಣೆ ಇರಲಿಲ್ಲವೆಂದಾದರೆ ಬೇರೆ ಕಲಮು ಕಾದಿರುತ್ತದೆ. ನಿರ್ಲಕ್ಷ್ಯದಿಂದಾದ ಸಾವಿಗೆ ಮೊದಲು ಗರಿಷ್ಠ 2 ವರ್ಷ ಜೈಲಿತ್ತು, 2024ರ ಜುಲೈ 1ರಿಂದ ಅದು ಸಾಮಾನ್ಯವಾಗಿ 5 ವರ್ಷ.

ಹಾಗಾದರೆ ಗಾದೆ ಸುಳ್ಳೇ? ಅದು ಯಾರ ಬಾಯಲ್ಲಿದೆ ಎಂಬುದನ್ನು ನೋಡಬೇಕು. ಸಂಬಂಧಿಕರ ಮನೆಯೊಂದರಲ್ಲಿ ಹೀಗಾಯಿತು. ಅಂಗಡಿಗೆ ಹೋದ ಹುಡುಗ ವಾಪಸು ಬರಲಿಲ್ಲ. ‘ನಾನು ಸಕ್ಕರೆಗೆ ಕಳಿಸದೇ ಇದ್ದಿದ್ರೆ’ ಎಂದು ತಾಯಿ ಮೂರು ದಿನ ಅದೊಂದನ್ನೇ ಹೇಳಿದಳು. ಹುಡುಗನ ಅಜ್ಜಿ ಸೊಸೆಯ ತಲೆ ಸವರುತ್ತ, ‘ಹಣೆಬರಹಕ್ಕೆ ಹೊಣೆ ಯಾರವ್ವಾ, ನೀನೇನು ಮಾಡಿದ್ದೀ’ ಅಂದರು. ಆಮೇಲಷ್ಟೇ ಅವಳು ಒಂದು ಲೋಟ ಗಂಜಿ ಕುಡಿದಳು.

ನಾಲ್ಕನೇ ದಿನ ಲಾರಿಯ ಕಡೆಯವರು ರಾಜಿಗೆ ಬಂದರು. ಕವರನ್ನು ಚಾಪೆಯ ಮೇಲಿಟ್ಟು, ಕೋರ್ಟು ಕಚೇರಿ ಯಾಕೆ, ಏನೋ ಆಗಬಾರದ್ದು ಆಗಿಹೋಯ್ತು, ಹಣೆಬರಹಕ್ಕೆ ಹೊಣೆ ಯಾರು ಹೇಳಿ ಅಂದರು. ಮೂಲೆಯಲ್ಲಿದ್ದ ಅಜ್ಜಿ ತಲೆಯೆತ್ತಿದರು.

‘ಬ್ರೇಕು ಯಾವಾಗ ನೋಡ್ಸಿದ್ರಪ್ಪಾ?’