ರೂಢಿ ತಪ್ಪಿದ್ದೆಲ್ಲ ತಪ್ಪೇ?

ಹತ್ತು ಮಂದಿ ನಡೆದ ದಾರಿಯಲ್ಲಿ ಹನ್ನೊಂದನೆಯವನು ನಡೆಯದಿದ್ದರೆ ಅವನನ್ನು ತಪ್ಪಿತಸ್ಥನೆನ್ನಬಹುದೇ? ನಾಸಿಕ್, ಛತ್ರಪತಿ ಸಂಭಾಜಿನಗರಗಳಲ್ಲಿ ಸಂಸಾರ ಹೂಡಿರುವ ನಮಗೆ ಇದು ಹೊಸ ಪ್ರಶ್ನೆಯೇನಲ್ಲ. ಚೈತ್ರ ಶುದ್ಧ ಪಾಡ್ಯದಂದು ಓಣಿಯ ಮನೆಮನೆಯಲ್ಲೂ ಗುಡಿ ಏರಿರುತ್ತದೆ. ನಮ್ಮಲ್ಲಿ ಹಲವರ ಮನೆಗಳಲ್ಲಿ ಗುಡಿಯಿಲ್ಲ; ಒಳಗೆ ಬೇವು-ಬೆಲ್ಲ, ಪಂಚಾಂಗ ಶ್ರವಣ ನಡೆದಿರುತ್ತದೆ. ಬೀದಿಯಲ್ಲಿ ನಿಂತು ಲೆಕ್ಕ ಹಾಕುವವನಿಗೆ ಮಾತ್ರ ನಮ್ಮದು ಹಬ್ಬ ಮರೆತ ಮನೆ.

ಕಂಪ್ಯೂಟರಿನ ಲೋಕದಲ್ಲೂ ಇದೇ ಪ್ರಶ್ನೆ ಎದ್ದಿದೆ, ಅದೂ ಬೀಗದ ವಿಷಯದಲ್ಲಿ. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶದಲ್ಲಿ ಅನೇಕ ಕೆಲಸಗಳು ಏಕಕಾಲಕ್ಕೆ ಸಾಗುತ್ತವೆ. ಒಂದೇ ಕ್ಯಾಷ್ ಪುಸ್ತಕದಲ್ಲಿ 500 ರೂಪಾಯಿ ಶಿಲ್ಕು ನೋಡಿಕೊಂಡ ಇಬ್ಬರು ಗುಮಾಸ್ತರಲ್ಲಿ ಒಬ್ಬರು 100 ಕೂಡಿಸಿ 600 ಎಂದೂ, ಅದರ ಮೇಲೆಯೇ ಇನ್ನೊಬ್ಬರು 50 ಕೂಡಿಸಿ 550 ಎಂದೂ ಬರೆದರೆ ಆ 100 ಎಲ್ಲಿ ಹೋಯಿತು? ಆದ್ದರಿಂದ ಲೆಕ್ಕ ಮುಟ್ಟುವ ಮೊದಲು ಬೀಗ ಹಾಕಬೇಕು, ಮುಗಿದ ಮೇಲೆ ತೆಗೆಯಬೇಕು ಎಂಬುದು ಕಟ್ಟಳೆ. ಹಾಕಲು ಮರೆಯುವುದು ಒಂದು ದೋಷ, ತೆಗೆಯಲು ಮರೆಯುವುದು ಇನ್ನೊಂದು. ಎರಡು ಸೆಕ್ಷನ್ನುಗಳು ತಮ್ಮ ತಮ್ಮ ಫೈಲು ಹಿಡಿದುಕೊಂಡು ‘ಮೊದಲು ನಿಮ್ಮದು ಕಳಿಸಿ’ ಎಂದು ಕಾಯುತ್ತ ಕೂರುವುದು ಮೂರನೆಯದು. ಇದನ್ನು ಕಚೇರಿಯ ಓದುಗರಿಗೆ ವಿವರಿಸಬೇಕಾಗಿಲ್ಲ.

ಇಂಥ ದೋಷ ವರ್ಷಗಟ್ಟಲೆ ಅಡಗಿರಬಲ್ಲದು. 2003ರ ಆಗಸ್ಟ್ 14ರಂದು ಅಮೆರಿಕ, ಕೆನಡಾಗಳಲ್ಲಿ ಸುಮಾರು 5 ಕೋಟಿ ಜನ ಕತ್ತಲಲ್ಲಿ ಮುಳುಗಿದರು. ಒಹಾಯೋದಲ್ಲಿ ವಿದ್ಯುತ್ ತಂತಿಗಳು ಮರಗಳಿಗೆ ತಾಗಿದ್ದವು. ಅದನ್ನು ತಿಳಿಸಬೇಕಾದ ಎಚ್ಚರಿಕೆಯ ತಂತ್ರಾಂಶ ಅದಕ್ಕೂ ಮೊದಲೇ ಸದ್ದಿಲ್ಲದೆ ನಿಂತುಹೋಗಿತ್ತು. ಎರಡು ಕೆಲಸಗಳು ಒಂದೇ ಮಾಹಿತಿಗೆ ಒಟ್ಟಿಗೆ ಕೈಹಾಕಿದ್ದೇ ಕಾರಣವೆಂದು ಆಮೇಲೆ ತಿಳಿಯಿತು.

ಹಾಗಾಗಿ ತಂತ್ರಾಂಶವನ್ನು ಓಡಿಸದೆ, ಬರೆದದ್ದನ್ನು ಓದಿಯೇ ದೋಷ ಹುಡುಕುವ ವಿಧಾನಗಳು ಬಂದಿವೆ. ಕಳವಾಗುವವರೆಗೆ ಕಾಯದೆ ವೋಚರು ತಿರುವಿ ಹಾಕುವ ಆಡಿಟ್ ಇದ್ದಂತೆ. ಆದರೆ ಯಾವ ಲೆಕ್ಕಕ್ಕೆ ಯಾವ ಬೀಗ ಎಂದು ಯಾರೂ ಬರೆದಿಟ್ಟಿರದಿದ್ದರೆ? 2001ರಲ್ಲಿ ಸ್ಟ್ಯಾನ್‌ಫರ್ಡಿನ ಡಾಸನ್ ಎಂಗ್ಲರ್ ಮತ್ತು ಸಂಗಡಿಗರು ಒಂದು ಜಾಣ ಉಪಾಯ ಮುಂದಿಟ್ಟರು: ಬಹುತೇಕ ಕಡೆಗಳಲ್ಲಿ ಬೀಗ ಹಾಕಿಯೇ ಮುಟ್ಟಿದ್ದನ್ನು ಒಂದು ಕಡೆ ಬೀಗವಿಲ್ಲದೆ ಮುಟ್ಟಿದ್ದರೆ ಆ ಒಂದರ ಮೇಲೆ ಗುಮಾನಿ ಇಡಿ. ಈ ಬಗೆಯ ತರ್ಕದಿಂದ ಲಿನಕ್ಸ್, ಓಪನ್‌ಬಿಎಸ್‌ಡಿಗಳಲ್ಲಿ ನೂರಾರು ದೋಷಗಳು ಸಿಕ್ಕವು.

ಅಂದರೆ ಇಲ್ಲಿ ರೂಢಿಯೇ ಶಾಸನ! ನಮಗೆ ಇರುಸುಮುರುಸಾಗುವುದು ಇಲ್ಲಿಯೇ. ಯಂತ್ರ ಆಗತಾನೇ ಎಚ್ಚರಗೊಳ್ಳುವಾಗ ಲೆಕ್ಕ ಮುಟ್ಟಲು ಬೇರೆ ಯಾರೂ ಹುಟ್ಟಿಯೇ ಇರುವುದಿಲ್ಲ. ಬಾಗಿಲೇ ಕೂರಿಸದ ಮನೆಗೆ ಬೀಗವೇಕೆ? ಅಲ್ಲಿ ಹನ್ನೊಂದನೆಯವನೇ ಸರಿ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಎಲ್ಲರೂ ಬೀಗ ಮರೆತಿದ್ದರೆ ತಲೆ ಎಣಿಸುವ ವಿಧಾನ ಬಾಯಿಯೇ ಬಿಡುವುದಿಲ್ಲ. ಊರಿಗೆ ಊರೇ ವರದಕ್ಷಿಣೆ ಎಣಿಸಿಕೊಳ್ಳುತ್ತಿದ್ದರೆ ಅದರಲ್ಲಿ ರೂಢಿ ತಪ್ಪಿದವನೆಂದು ಕಾಣುವವನು ಒಲ್ಲೆನೆಂದ ವರನೊಬ್ಬನೇ.

ತಲೆ ಎಣಿಸದ ದಾರಿಯೂ ಇದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಕೆಲಸ ಅಂಥದು. ಸಣ್ಣ ಸಾಧನಗಳಲ್ಲಿ ಬಳಕೆಯಾಗುವ ಫ್ರೀಆರ್‌ಟಿಒಎಸ್ ಎಂಬ ತಂತ್ರಾಂಶವನ್ನು ಅವರು ಪರೀಕ್ಷಿಸಿದರು. ಅದರಲ್ಲಿ ರಕ್ಷಣೆ ಬಹಳ ಕಡೆ ಬೀಗದ ರೂಪದಲ್ಲಿಲ್ಲ. ನಡುವೆ ನುಗ್ಗುವ ಕರೆಗಳನ್ನು ತಡೆಹಿಡಿಯುವುದು, ಸರದಿ ಹಂಚುವ ಭಾಗವನ್ನು ತುಸು ನಿಲ್ಲಿಸುವುದು, ಹೀಗೆ ಅದರ ಕಾವಲು ಬೇರೆ ಬಗೆಯದು. ಬೀಗವನ್ನಷ್ಟೇ ಹುಡುಕುವವನಿಗೆ ಅದು ಕಾಣದು. ಯಾವ ಎರಡು ಕೆಲಸಗಳು ನಿಜಕ್ಕೂ ಒಂದರ ನಡುವೆ ಒಂದು ನುಗ್ಗಬಲ್ಲವು ಎಂದು ಅವರು ವಿಚಾರಿಸಿದರು.

ನಮ್ಮ ಅಭಿಪ್ರಾಯ ಇಷ್ಟು. ರೂಢಿ ತಪ್ಪಿದವನನ್ನು ಪ್ರಶ್ನಿಸುವ ಹಕ್ಕು ಪರೀಕ್ಷಕನಿಗೆ ಉಂಟು, ಶಿಕ್ಷಿಸುವ ಹಕ್ಕಿಲ್ಲ. ಕೆಡುಕು ಯಾವ ದಾರಿಯಿಂದ ಬರಬಲ್ಲದೆಂದು ತೋರಿಸುವುದು ಅವನ ಹೊಣೆ. ಪ್ರಶ್ನೆಗೆ ಗುರಿಯಾದವನೂ ಮುನಿಯಬಾರದು. ‘ಇಷ್ಟು ವರ್ಷ ಏನೂ ಆಗಿಲ್ಲವಲ್ಲ’ ಎಂಬುದು ಉತ್ತರವೇ ಅಲ್ಲ. ಒಳ್ಳೆಯ ತಂತ್ರಾಂಶಗಾರರಲ್ಲಿ ಒಂದು ಪದ್ಧತಿಯಿದೆ. ಬೀಗ ಹಾಕದ ಸಾಲಿನ ಪಕ್ಕದಲ್ಲಿ ‘ಇಲ್ಲಿ ಬೀಗ ಬೇಡ, ಏಕೆಂದರೆ...’ ಎಂದು ಕಾರಣವನ್ನು ಒಂದೆರಡು ಮಾತಿನಲ್ಲಿ ಬರೆದಿಡುತ್ತಾರೆ, ಮುಂದೆಂದೋ ಅದನ್ನು ಓದಲಿರುವ ಅಪರಿಚಿತನಿಗಾಗಿ.